ಮೂಗಿನಕ್ಕ ಮೂಸಿ ಹಿಡಿದ ಬಾಗಿಲು

ಆಸ್ಪತ್ರೆಯ ಹಿಂಬದಿಯಲ್ಲಿ, ಹೊಗೆಗೊಳವೆಯ ಬುಡದಲ್ಲೇ ನಮ್ಮ ಒಗೆಯುವ ಮನೆ. ಅಲ್ಲಿ ನಾನು ಹತ್ತೊಂಬತ್ತು ವರ್ಷ ಬಟ್ಟೆ ವಿಂಗಡಿಸಿದೆ, ಅವಳು ಇಪ್ಪತ್ತೆಂಟು ವರ್ಷ ಬಟ್ಟೆ ಒಗೆದಳು. ಅವಳಿಗೆ ಮೂಗಿನಕ್ಕ ಎಂದು ಹೆಸರಿಟ್ಟವನು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಅಣ್ಣ. ನೀರಿಗೆ ಹಾಕುವ ಮೊದಲು ಒಂದೊಂದು ಬಟ್ಟೆಯನ್ನೂ ಮೂಗಿನ ಹತ್ತಿರ ತಂದು ಮೂಸಿ ನೋಡುವುದು ಅವಳ ಪದ್ಧತಿ. ನೋಡುವವರಿಗೆ ಹೇಸಿಗೆ, ಅವಳಿಗೆ ಅದೇ ವಿದ್ಯೆ. ರಕ್ತಕ್ಕೆ ತಣ್ಣೀರು, ಕೀವಿಗೆ ಕುದಿನೀರು, ಮುಲಾಮಿಗೆ ಸೋಡಾ. ಅದಲುಬದಲಾದರೆ ಕಲೆ ಬಟ್ಟೆಯನ್ನು ಮದುವೆಯಾಗಿಬಿಡುತ್ತದೆ, ಆಮೇಲೆ ಯಾವ ಕೋರ್ಟೂ ಬಿಡಿಸಲಾರದು ಎನ್ನುತ್ತಿದ್ದಳು.

"ಅಕ್ಕಾ, ನಿನ್ನನ್ನ ಪೊಲೀಸ್ ನಾಯಿ ಜೊತೆ ಕೆಲಸಕ್ಕೆ ಹಾಕ್ಬೇಕಿತ್ತು" ಎಂದು ಬಾಯ್ಲರಣ್ಣ ರೇಗಿಸುತ್ತಿದ್ದ.

"ನಾಯಿಗೆ ದಿನಾ ಮಾಂಸ ಕೊಡ್ತಾರೆ, ನನಗೆ ಸೋಪು ಕೊಡ್ತಾರೆ. ಹೋಗ್ತೀನಿ, ಮಾತಾಡಿ ನೋಡು."

ನಾವಿಬ್ಬರೂ ಒಂದೇ ಚರ್ಚಿಗೆ ಹೋಗುತ್ತಿದ್ದೆವು. ನಾನು ಮುಂದಿನ ಬೆಂಚು, ದನಿ ಎತ್ತಿ ಹಾಡುವವಳು. ಅವಳು ಬಾಗಿಲ ಪಕ್ಕದ ಕೊನೆಯ ಬೆಂಚು. ಪ್ರಾರ್ಥನೆ ಹೇಳು ಎಂದರೆ ಸೆರಗು ಸಿಕ್ಕಿಕೊಂಡವಳಂತೆ ಒದ್ದಾಡುತ್ತಿದ್ದಳು. ಓದು ಬಾರದು. ನನಗೂ ಅಷ್ಟಕ್ಕಷ್ಟೆ, ಆದರೆ ಹಾಡಿನ ಪುಸ್ತಕ ಹಿಡಿದುಕೊಳ್ಳುವ ಗತ್ತು ನನಗಿತ್ತು.

ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು. ಬೀದಿಯಲ್ಲಿ ಬಿದ್ದವರನ್ನು ಯಾರೋ ಹೊತ್ತು ತಂದು ಹಾಕಿದರೆ, ಹಿಂದೆ ಮುಂದೆ ಯಾರೂ ಇಲ್ಲದಿದ್ದರೆ, ಅವರ ಬಟ್ಟೆಯನ್ನು ಬಾಯ್ಲರಿಗೆ ಹಾಕಬಹುದು. ಮೂಗಿನಕ್ಕ ಅಂಥ ಬಟ್ಟೆ ಒಂದನ್ನೂ ಬೆಂಕಿಗೆ ಕೊಟ್ಟವಳಲ್ಲ. ಒಗೆದು, ಹರಿದಲ್ಲಿ ಹೊಲಿದು, ಇಸ್ತ್ರಿ ಮಾಡಿ ವಾರ್ಡಿಗೆ ಕಳಿಸುತ್ತಿದ್ದಳು.

"ಗತಿಯಿಲ್ಲದವರ ಚಿಂದಿಗೆ ಯಾಕೆ ಇಷ್ಟು ಉಪಚಾರ?" ಎಂದು ಒಮ್ಮೆ ಕೇಳಿದ್ದೆ.

"ಬಟ್ಟೇಲಿ ಹೆಸರಿರಲ್ಲ ಕಣೇ" ಎಂದಳು. "ಯಾರದ್ದು ಅಂತ ನನಗೇನು ಗೊತ್ತು? ಯೇಸಪ್ಪಂದೇ ಆಗಿದ್ರೆ? ಸುಟ್ಟುಬಿಟ್ಟೆ ಸ್ವಾಮಿ ಅಂತ ಹೇಳೋಕಾಗುತ್ತಾ?"

ನಾನು ನಕ್ಕಿದ್ದೆ. ಅವಳು ನಗಲಿಲ್ಲ.

ಅವಳು ಕೆಲಸ ಬಿಡಲು ಇನ್ನು ಮೂರು ತಿಂಗಳಿತ್ತು. ಬೇಸಿಗೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಪಘಾತದ ವಾರ್ಡಿನಿಂದ ಎರಡು ಬುಟ್ಟಿ ಬಂದವು. ಬೆಳಕು ಹರಿಯುವ ಮುಂಚೆ ರಸ್ತೆ ದಾಟುತ್ತಿದ್ದ ಹೆಂಗಸಿಗೆ ಲಾರಿ ಬಡಿದಿತ್ತಂತೆ. ತಲೆಗೆ ಪೆಟ್ಟು, ಪ್ರಜ್ಞೆಯಿಲ್ಲ, ಗುರುತಿಲ್ಲ. ಒಂದು ಬುಟ್ಟಿಯಲ್ಲಿ ಅವಳ ಬೂದು ಬಣ್ಣದ ಕೋಟು. ಇನ್ನೊಂದರಲ್ಲಿ ಒಳಗಿನ ಬಟ್ಟೆಗಳು.

ಜೇಬು ನೋಡುವುದು ನನ್ನ ಕೆಲಸ. ಹೊರಗಿನ ಜೇಬು ಎರಡನ್ನೂ ತಿರುವಿದೆ, ಖಾಲಿ. ಒಳಗೆ ಕೈ ಹಾಕಲಿಲ್ಲ. ನಿಜ ಹೇಳಿಬಿಡುತ್ತೇನೆ, ಯಾರೂ ಇಲ್ಲದವಳ ಕೋಟು ತಾನೆ ಎನ್ನಿಸಿತು. ಮೂಗಿನಕ್ಕ ಮೂಸಲಿ ಎಂದು ಕಾಯಲೂ ಇಲ್ಲ. ಕುದಿಯುವ ತೊಟ್ಟಿಗೆ ಎಸೆದುಬಿಟ್ಟೆ.

ಕಾಲು ಗಂಟೆ ಕಳೆದಿರಬೇಕು. ಅವಳು ಕೋಲಿನಿಂದ ತೊಟ್ಟಿ ಕಲಕುತ್ತಿದ್ದಾಗ ತಳದಲ್ಲಿ ಠಣ್ ಎಂದಿತು. ಇಕ್ಕಳದಲ್ಲಿ ಕೋಟು ಎತ್ತಿದಳು. ಒಳಮಗ್ಗುಲಲ್ಲಿ ಎದೆಯ ಹತ್ತಿರ ಕೈಯಿಂದ ಹೊಲಿದ ಸಣ್ಣ ಜೇಬು. ಅದರಿಂದ ಜಾರಿ ಬಿದ್ದದ್ದು ಬೆರಳುದ್ದದ ಹಿತ್ತಾಳೆ ಕೀಲಿ. ಅದರ ಜೊತೆ ಒಂದು ಕಾಗದವೂ ಇತ್ತು. ಈಗ ಅದು ಕಾಗದವಲ್ಲ, ಬೆಂದ ಅನ್ನದಂಥ ಮುದ್ದೆ, ನಡುವೆ ನೀಲಿ ಶಾಯಿಯ ಕಲೆ.

ಅವಳು ನನ್ನನ್ನು ಬೈಯಲಿಲ್ಲ. ನೇರ ಎರಡನೆಯ ಬುಟ್ಟಿಗೆ ಕೈ ಹಾಕಿದಳು. ಅಂಗಿಯ ಒಳಗೆ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ ಎರಡು ಹತ್ತಿ ಬಟ್ಟೆಗಳಿದ್ದವು. ವಾರ್ಡಿನವರು ಯಾವುದೋ ಹಳೆ ಗಾಯದ ಪಟ್ಟಿ ಎಂದುಕೊಂಡಿದ್ದರು, ನಾನೂ ಹಾಗೇ ಅಂದುಕೊಂಡೆ. ಅವಳು ಒಂದನ್ನು ಮೂಗಿಗೆ ಒತ್ತಿಕೊಂಡಳು. ಒಮ್ಮೆ ಮೂಸಿದಳು. ಮತ್ತೊಮ್ಮೆ ಮೂಸಿದಳು.

"ಇದು ಹಾಲು."

"ಯಾವ ಹಾಲು?"

"ಎದೆಹಾಲು ಕಣೇ. ಇವತ್ತಿನದು." ಕೀಲಿಯನ್ನು ಅಂಗೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. "ಮಗೂನ ಒಳಗೆ ಬಿಟ್ಟು ಬೀಗ ಹಾಕ್ಕೊಂಡು ಬಂದಿದಾಳೆ."

ಓಡಿದಳು. ಮಂಡಿ ನೋವು ಎಂದು ಮೆಟ್ಟಿಲನ್ನು ಒಂದೊಂದಾಗಿ ಹತ್ತುತ್ತಿದ್ದವಳು ಎರಡೆರಡಾಗಿ ಹತ್ತಿದಳು. ಅಪಘಾತದ ವಾರ್ಡಿನ ನರ್ಸು ನಮ್ಮನ್ನು ಕಂಡು ತಾನೇ ಮುಂದೆ ಬಂದಳು. "ಜ್ವರ ಏರ್ತಿದೆ, ಯಾಕೆ ಅಂತ ಈಗ ನೋಡಿದ್ವಿ. ಎದೆ ಕಲ್ಲಾಗಿದೆ ಅಕ್ಕಾ. ಎಲ್ಲೋ ಹಾಲು ಕುಡಿಯೋ ಮಗು ಇದೆ."

ಹಾಸಿಗೆಯ ಮೇಲೆ ಇಪ್ಪತ್ತೈದು ದಾಟದ ಹುಡುಗಿ. ತಲೆಗೆ ಪಟ್ಟಿ, ಕಣ್ಣು ಮುಚ್ಚಿತ್ತು. ಮೂಗಿನಕ್ಕ ಅವಳ ಕಿವಿಯ ಹತ್ತಿರ ಬಾಗಿ, "ಎಲ್ಲಮ್ಮಾ ಮನೆ? ಎಲ್ಲಿ?" ಎಂದು ಮೂರು ಸಲ ಕೇಳಿದಳು. ರೆಪ್ಪೆಯೂ ಅಲುಗಲಿಲ್ಲ.

ಕೆಳಗೆ ಗುಮಾಸ್ತನ ಕೋಣೆ. ಸಿಕ್ಕಿದ ವಸ್ತುಗಳನ್ನೆಲ್ಲ ಅವನ ಮೇಜಿನ ತಗಡಿನ ಡಬ್ಬಕ್ಕೆ ಹಾಕಬೇಕು. ಎರಡು ವರ್ಷದ ಹಿಂದೆ ಜೇಬಿನಲ್ಲಿ ಸಿಕ್ಕ ಉಂಗುರವನ್ನು ಒಂದು ದಿನ ತಡವಾಗಿ ಕೊಟ್ಟದ್ದಕ್ಕೆ ನಮ್ಮಲ್ಲಿ ಒಬ್ಬಳ ಕೆಲಸ ಹೋಗಿತ್ತು.

ಗುಮಾಸ್ತ ಎಲ್ಲವನ್ನೂ ಕೇಳಿ ಪೊಲೀಸರಿಗೆ ಫೋನು ಮಾಡಿದ. ಅಷ್ಟನ್ನು ಮಾಡಿದ, ಅದನ್ನು ಇಲ್ಲವೆನ್ನಲಾರೆ. ಫೋನು ಇಟ್ಟು, "ಸಂಜೆ ಬರ್ತಾರಂತೆ. ಕೀಲಿ ಡಬ್ಬಕ್ಕೆ ಹಾಕು" ಎಂದ.

"ಸಂಜೆ ತನಕ ಮಗು ಇರಲ್ಲ ಸ್ವಾಮಿ."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗಾಯ್ತು ನಿನ್ನ ಕತೆ. ಮಗು ಅಜ್ಜಿ ಹತ್ರ ಇರಬಹುದು, ಅತ್ತೆ ಹತ್ರ ಇರಬಹುದು. ಒಂದು ಹೆರದವಳು ನೀನು, ಹಾಲಿನ ವಾಸನೆ ನಿನಗೇನು ಗೊತ್ತು?"

ಆ ಮಾತು ನನಗೇ ಚುಚ್ಚಿತು. ಅವಳು ಮಾತ್ರ ಮಳೆ ಹನಿ ಬಿದ್ದಂತೆ ಮುಖ ಒರೆಸಿಕೊಂಡಳು. "ಹೆರಿಗೆ ವಾರ್ಡಿನ ಬಟ್ಟೆ ಇಪ್ಪತ್ತೆಂಟು ವರ್ಷ ಒಗೆದಿದೀನಿ. ಅಜ್ಜಿ ಇದ್ದಿದ್ರೆ ಎದೆಗೆ ಅಷ್ಟು ದಪ್ಪ ಬಟ್ಟೆ ಇಟ್ಕೊಂಡು ಕೀಲಿಗೆ ಒಳಜೇಬು ಹೊಲ್ಕೊಂಡು ಯಾಕೆ ಓಡಾಡ್ತಾಳೆ?"

"ಡಬ್ಬಕ್ಕೆ ಹಾಕು ಅಂದೆ."

"ಹಾಕ್ತೀನಿ. ಬಾಗಿಲು ತೆಗೆದು ಬಂದು ಹಾಕ್ತೀನಿ."

"ಇಲ್ಲಿಂದ ಕೀಲಿ ಸಮೇತ ಹೊರಗೆ ಹೋದ್ರೆ ಕಳ್ಳತನ ಅಂತ ಬರೀತೀನಿ. ಮೂರು ತಿಂಗಳಿದೆ ನಿನಗೆ, ನೆನಪಿಟ್ಕೋ."

"ಬರ್ಕೊಳ್ಳಿ ಸ್ವಾಮಿ. ಅಕ್ಷರ ಬಲ್ಲೋರು ನೀವು" ಎಂದು ಹೇಳಿ ಹೊರಟೇಬಿಟ್ಟಳು.

ಆದರೆ ಹೋಗುವುದೆಲ್ಲಿಗೆ? ಇಷ್ಟು ದೊಡ್ಡ ಊರು, ಒಂದು ಕೀಲಿ. ದಾರಿ ಹೇಳುವ ಕಾಗದವನ್ನು ನಾನು ಬೇಯಿಸಿಬಿಟ್ಟಿದ್ದೆ. ಒಗೆಯುವ ಮನೆಗೆ ಬಂದು ಅವಳು ಆ ಹುಡುಗಿಯ ಲಂಗವನ್ನು ಬೆಳಕಿಗೆ ಹಿಡಿದಳು. ಅದು ಪುಣ್ಯಕ್ಕೆ ಇನ್ನೂ ನೀರು ಕಂಡಿರಲಿಲ್ಲ. ಅಂಚಿಗೆ ಕೆಸರು ಮೆತ್ತಿತ್ತು. ಉಗುರಿನಿಂದ ಕೆರೆದಳು. ಮೇಲೆ ಕಂದು, ಒಳಗೆ ನೀಲಿ.

"ಬಣ್ಣದ ಕಾರ್ಖಾನೆ ಚರಂಡಿ" ಎಂದಳು. "ಆ ಓಣೀಲಿ ನಡೆಯೋರ ಬಟ್ಟೆಗೆ ಮಾತ್ರ ಈ ನೀಲಿ. ನಿಂಬೆ ಹಾಕಿದ್ರೂ ಹೋಗಲ್ಲ."

ಬಾಯ್ಲರಣ್ಣನೇ ಬಟ್ಟೆ ಸಾಗಿಸುವ ವ್ಯಾನನ್ನೂ ಓಡಿಸುತ್ತಿದ್ದ. ನಮ್ಮ ಮುಖ ನೋಡಿ ಬೀಡಿ ಎಸೆದ. "ಗಾಡಿ ಕೆಟ್ಟು ನಿಂತಿತ್ತು ಅಂತ ಹೇಳ್ತೀನಿ. ಅದು ದಿನಾ ಕೆಡುತ್ತೆ, ಇವತ್ತು ಸುಳ್ಳು ಹೇಳಿದ್ರೂ ನಂಬ್ತಾರೆ. ಹತ್ತಿ."

ಹನ್ನೆರಡು ಹೊಡೆದಿತ್ತು. ತಾಯಿ ಮನೆ ಬಿಟ್ಟದ್ದು ಐದಕ್ಕೆ ಎಂದಿಟ್ಟುಕೊಂಡರೂ ಏಳು ಗಂಟೆ. ವ್ಯಾನಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಮುಚ್ಚಿದ ಕೋಣೆಯೊಳಗೆ ಹೇಗಿರಬೇಡ ಎಂದು ಯೋಚಿಸಬಾರದು ಅಂದುಕೊಂಡಷ್ಟೂ ಅದೇ ಯೋಚನೆ. ಪ್ರಾರ್ಥನೆ ಮಾಡೋಣ ಎಂದರೆ, ವಾರವಾರವೂ ನೀರು ಹರಿದಂತೆ ಹರಿಯುವ ನನ್ನ ನಾಲಿಗೆಗೆ ಒಂದು ಪದವೂ ಬರಲಿಲ್ಲ. ಅವಳು ಲಂಗದ ಅಂಚನ್ನು ಹಿಡಿದು ಸುಮ್ಮನೆ ಕೂತಿದ್ದಳು. ಒಮ್ಮೆ ಮಾತ್ರ, "ಅಣ್ಣಾ, ಸ್ವಲ್ಪ ಬೇಗ" ಎಂದಳು.

ಆ ಓಣಿಯಲ್ಲಿ ಕಾರ್ಖಾನೆಯ ಗೋಡೆಗೆ ಅಂಟಿಕೊಂಡು ಒಂದೇ ಒಂದು ವಾಸದ ಕಟ್ಟಡ. ಮೂರು ಅಂತಸ್ತು, ನಡುವೆ ಅಂಗಳ, ಅಂಗಳದಲ್ಲಿ ನಲ್ಲಿ. ಒಂದಂತಸ್ತಿಗೆ ಹನ್ನೆರಡು ಬಾಗಿಲು. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು ಮನೆ ಕಾಯುವಾಕೆ, ದಪ್ಪನೆಯ ಹೆಂಗಸು, ಸೊಂಟದಲ್ಲಿ ಕೀಲಿಗೊಂಚಲು.

"ಬೂದು ಕೋಟು ಹಾಕ್ಕೊಳ್ಳೋ ಹುಡುಗಿ, ಕೂಸಿರೋಳು, ಯಾವ ಕೋಣೆ ತಾಯಿ?" ಎಂದು ಮೂಗಿನಕ್ಕ ಕೇಳಿದಳು.

"ಬೂದು ಕೋಟು ಇಲ್ಲಿ ಅರ್ಧ ಜನಕ್ಕಿದೆ, ಕಾರ್ಖಾನೆಯವರೇ ಕೊಟ್ಟಿದ್ದು. ಕೂಸು ಯಾರಿಗೂ ಇಲ್ಲ. ಮಕ್ಕಳಿರೋರಿಗೆ ಕೋಣೆ ಕೊಡಲ್ಲ, ಅಲ್ಲಿ ಬೋರ್ಡೇ ಹಾಕಿದೀವಿ, ಓದ್ಕೊಳ್ಳಿ."

"ಓದೋಕೆ ಬರಲ್ಲ. ಹಾಗಿದ್ರೆ ಬಚ್ಚಿಟ್ಟಿದಾಳೆ. ಅದಕ್ಕೇ ಬೀಗ."

"ಬಚ್ಚಿಡೋಕೆ ಮಗು ಏನು ಬೆಲ್ಲದ ಅಚ್ಚಾ? ಅಳಲ್ವಾ? ನಾನಿಲ್ಲಿ ಕಿವುಡಿನಾ?"

ಮೂಗಿನಕ್ಕ ವಾದ ಮಾಡಲಿಲ್ಲ. ಪಕ್ಕದಿಂದ ನುಗ್ಗಿ ಮೊದಲ ಬಾಗಿಲಿಗೆ ಕೀಲಿ ಹಾಕಿದಳು. ಹೊಂದಲಿಲ್ಲ. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಹಾಕುವಷ್ಟರಲ್ಲಿ ಮನೆ ಕಾಯುವಾಕೆ ಅವಳ ರಟ್ಟೆ ಹಿಡಿದು ಕಿರುಚಿದಳು. "ಕಳ್ಳೀರು! ಹಾಡುಹಗಲಲ್ಲಿ ಬೀಗ ತೆಗೀತಿದಾರೆ, ಬನ್ರೋ!"

ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಂಡಸರು ಕಣ್ಣುಜ್ಜುತ್ತ ಹೊರಬಂದರು. ಒಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆ. ಇನ್ನೊಬ್ಬ ಬಾಯ್ಲರಣ್ಣನ ಕೊರಳಪಟ್ಟಿ ಹಿಡಿದ. "ಆಸ್ಪತ್ರೆಯವರಾ? ಆಸ್ಪತ್ರೆಯವರು ಇಂಜೆಕ್ಷನ್ ತರ್ತಾರೆ, ಕೀಲಿ ತರ್ತಾರಾ?" ಎಂದು ಮತ್ತೊಬ್ಬ ಗೇಲಿ ಮಾಡಿದ. ಹೋಗಿಬಿಡೋಣ ಎಂದು ಅವಳ ಬಟ್ಟೆ ಎಳೆದೆ.

ಅವಳು ಹಾಲಿನ ಆ ಮಡಿಕೆ ಬಟ್ಟೆಯನ್ನು ಏಪ್ರನ್ನಿನ ಜೇಬಿನಿಂದ ತೆಗೆದು ಸಲಾಕೆಯವನ ಮೂಗಿಗೇ ಹಿಡಿದಳು. "ಮೂಸು. ನಿನ್ನ ಹೆಂಡ್ತಿ ಹೆತ್ತಿದ್ರೆ ನಿನಗೆ ಗೊತ್ತಾಗುತ್ತೆ. ಇದರ ಯಜಮಾನಿ ಆಸ್ಪತ್ರೇಲಿ ಮಾತಿಲ್ಲದೆ ಬಿದ್ದಿದಾಳೆ. ನನ್ನನ್ನ ಆಮೇಲೆ ಹೊಡಿ. ಮೊದಲು ಬಾಗಿಲು ಹುಡುಕೋಣ."

ಅವನು ಮೂಸಿದ. ಸಲಾಕೆ ಕೆಳಗಿಳಿಯಿತು. ಆದರೆ ಮನೆ ಕಾಯುವಾಕೆ ಮೆಟ್ಟಿಲಿಗೆ ಅಡ್ಡ ನಿಂತಿದ್ದಳು. ಯಜಮಾನರ ಅಪ್ಪಣೆಯಿಲ್ಲದೆ ಮೇಲೆ ಬಿಡುವುದಿಲ್ಲ, ಅವರು ಬರುವುದು ಮೂರು ಗಂಟೆಗೆ.

ಮೂಗಿನಕ್ಕ ಹಿಂದೆ ಸರಿದು ಅಂಗಳದ ನಡುವೆ ನಿಂತು ಕತ್ತೆತ್ತಿದಳು. ಸೋತುಬಿಟ್ಟಳು ಅಂದುಕೊಂಡೆ. ಅವಳು ಕಿಟಕಿಗಳನ್ನು ನೋಡುತ್ತಿದ್ದಳು. ಆ ಸೆಕೆಗೆ ಎಲ್ಲರ ಕಿಟಕಿಯೂ ತೆರೆದಿತ್ತು. ಬಟ್ಟೆ ಹೊರಗೆ ಒಣಗುತ್ತಿತ್ತು. ಮೇಲಿನ ಅಂತಸ್ತಿನ ಮೂಲೆಯ ಒಂದು ಕಿಟಕಿ ಮಾತ್ರ ಮುಚ್ಚಿತ್ತು. ಅದರ ಗಾಜು ಬೆವೆತಿತ್ತು.

"ಅಲ್ಲಿ" ಎಂದಳು. "ಒಳಗೆ ಒದ್ದೆ ಬಟ್ಟೆ ಹರವಿದಾರೆ. ಈ ಬಿಸಿಲು ಬಿಟ್ಟು ಯಾರಾದ್ರೂ ಕೋಣೆಯೊಳಗೆ ಬಟ್ಟೆ ಒಣಗಿಸ್ತಾರಾ? ಯಾರಿಗೂ ಕಾಣಬಾರದ ಬಟ್ಟೆ ಅದು. ಕೂಸಿನ ಬಟ್ಟೆ."

ಮನೆ ಕಾಯುವಾಕೆ ಮೇಲೆ ನೋಡಿದಳು. ಆಮೇಲೆ ಮೆಲ್ಲಗೆ, "ಅಲ್ಲಿರೋದು ಒಂಟಿ ಹುಡುಗಿ. ಐದಕ್ಕೆ ಆಫೀಸು ಗುಡಿಸೋಕೆ ಹೋಗ್ತಾಳೆ, ಎಂಟಕ್ಕೆ ಬರ್ತಾಳೆ. ಆ ಹೊತ್ತಿಂದ ಕಾರ್ಖಾನೆ ಯಂತ್ರದ ಸದ್ದು, ಅತ್ತರೂ ಕೇಳ್ಸಲ್ಲ…" ಎಂದಳು. "ಇವತ್ತು ಬರಲಿಲ್ಲ" ಎಂದು ಅವಳೇ ಹೇಳಿಕೊಂಡಳು. ಹೇಳಿದ್ದೇ ತಡ, ನಮಗಿಂತ ಮುಂದೆ ಅವಳೇ ಮೆಟ್ಟಿಲೇರಿದಳು.

ಕೀಲಿ ಒಳಗೆ ಹೋಯಿತು. ತಿರುಗಲಿಲ್ಲ. ಸೋಪಿನ ಲೋಳೆ ಇನ್ನೂ ಅದಕ್ಕೆ ಅಂಟಿತ್ತು, ಬೆವರಿನ ಬೆರಳು ಜಾರುತ್ತಿತ್ತು. ಒಮ್ಮೆ, ಎರಡು ಸಲ. ಒಳಗಿಂದ ಒಂದು ಸದ್ದೂ ಇಲ್ಲ. ಅಳುವಿನ ಸದ್ದಾದರೂ ಕೇಳಲಪ್ಪಾ ಎಂದು ಆ ಹೊತ್ತು ನಾನು ಬೇಡಿದಷ್ಟು ಯಾವತ್ತೂ ಏನನ್ನೂ ಬೇಡಿರಲಿಲ್ಲ. ಅವಳು ಕೀಲಿ ಹೊರತೆಗೆದು ತನ್ನ ಏಪ್ರನ್ನಿಗೆ ಒರೆಸಿದಳು, ಅವಸರವಿಲ್ಲದೆ, ಚಮಚ ಒರೆಸುವಂತೆ. ಮತ್ತೆ ಹಾಕಿ, ಬಾಗಿಲನ್ನು ಭುಜದಿಂದ ತುಸು ಎತ್ತಿ ತಿರುಗಿಸಿದಳು. ಕಟಕ್ ಎಂದಿತು.

ಬೆಂದ ಗಾಳಿ ಮುಖಕ್ಕೆ ಹೊಡೆಯಿತು. ಒಂದು ಮಂಚ, ಒಂದು ಒಲೆ, ಗೋಡೆಯಿಂದ ಗೋಡೆಗೆ ಹಗ್ಗ. ಹಗ್ಗದ ತುಂಬ ಅಂಗೈಯಗಲದ ಬಟ್ಟೆಗಳು. ಮಂಚದ ಪಕ್ಕದಲ್ಲಿ ಹಣ್ಣು ತುಂಬುವ ಮರದ ಪೆಟ್ಟಿಗೆ. ಅದರೊಳಗೆ ಹೆಣ್ಣುಕೂಸು, ಎರಡು ಎರಡೂವರೆ ತಿಂಗಳದ್ದು. ಕಣ್ಣು ಅರೆ ತೆರೆದಿತ್ತು, ತುಟಿ ಒಣಗಿ ಬಿಳಿಚಿತ್ತು. ಅಲುಗಾಡುತ್ತಿರಲಿಲ್ಲ.

ಮನೆ ಕಾಯುವಾಕೆ "ಅಯ್ಯೋ" ಎಂದು ಕುಸಿದಳು. ನಾನು ಬಾಗಿಲು ದಾಟಲಾರದೆ ನಿಂತೆ. ಮೂಗಿನಕ್ಕ ಮೊಣಕಾಲೂರಿ ತನ್ನ ಮೂಗನ್ನು ಕೂಸಿನ ಬಾಯಿಯ ಹತ್ತಿರ ತಂದಳು.

"ಇದೆ" ಎಂದಳು. "ಹುಳಿ ವಾಸನೆ. ಆದ್ರೆ ಉಸಿರಿದೆ."

ನಲ್ಲಿಯಲ್ಲಿ ಬಟ್ಟೆ ಒದ್ದೆ ಮಾಡಿ ತರಿಸಿ ಕೂಸಿನ ಮೈಗೆ ಸುತ್ತಿ ನನ್ನ ಕೈಗಿಟ್ಟಳು. ಸಲಾಕೆ ಹಿಡಿದಿದ್ದವನೇ ಮುಂದೆ ಓಡಿ ಓಣಿಯಲ್ಲಿ ನಿಂತಿದ್ದ ಕೈಗಾಡಿಗಳನ್ನು ಪಕ್ಕಕ್ಕೆ ತಳ್ಳಿದ. ದಾರಿಯುದ್ದಕ್ಕೂ ಆ ಪುಟ್ಟ ಎದೆಯ ಮೇಲೆ ನನ್ನ ಬೆರಳಿಟ್ಟುಕೊಂಡಿದ್ದೆ. ಅದು ಏರದೆ ಒಂದು ಕ್ಷಣ ತಡವಾದರೆ ನನ್ನದೂ ನಿಲ್ಲುತ್ತಿತ್ತು.

ನರ್ಸು ಬಾಗಿಲಲ್ಲೇ ಕಾಯುತ್ತಿದ್ದಳು. ಕೂಸಿನ ಕಾಲಿಗೆ ಸಣ್ಣ ಸೂಜಿ ಚುಚ್ಚಿ ನೀರು ಏರಿಸಿದರು. ಪ್ರಜ್ಞೆಯಿಲ್ಲದ ತಾಯಿಯ ಎದೆಯಿಂದ, ಡಾಕ್ಟರನ್ನು ಕೇಳಿ, ನರ್ಸು ಹಾಲು ಹಿಂಡಿ ಚಮಚದಲ್ಲಿ ಹನಿ ಹನಿಯಾಗಿ ಬಿಟ್ಟಳು. ಮೂರು ಗಂಟೆಯ ಹೊತ್ತಿಗೆ ಕೂಸು ಅತ್ತಿತು. ಹಿಂದಿನ ಅಂಗಳದಲ್ಲಿ ನಿಂತಿದ್ದ ಬಾಯ್ಲರಣ್ಣ, "ನನ್ನ ಬಾಯ್ಲರ್ ಸೀಟಿಗಿಂತ ಜೋರಾಗಿದೆಯಲ್ಲಪ್ಪಾ" ಎಂದು ಹೇಳಿ ಗೋಡೆಯ ಕಡೆ ತಿರುಗಿಕೊಂಡ.

ಮೂಗಿನಕ್ಕ ಹೇಳಿದ ಮಾತಿನಂತೆ ಹೋಗಿ ಕೀಲಿಯನ್ನು ಡಬ್ಬಕ್ಕೆ ಹಾಕಿದಳು. ಗುಮಾಸ್ತನೂ ಹೇಳಿದಂತೆ ಬರೆದ, ಆದರೆ ಕಳ್ಳತನ ಎಂದು ಬರೆಯಲಿಲ್ಲ, ಅಪ್ಪಣೆ ಮೀರಿದ್ದು ಎಂದು ಬರೆದ. "ಒಳಜೇಬು ನೋಡದೆ ಕೋಟು ನೀರಿಗೆ ಹಾಕಿದ್ದು ಯಾರು?" ಎಂದೂ ಕೇಳಿದ.

"ತೊಟ್ಟಿ ನನ್ನದು ಸ್ವಾಮಿ" ಎಂದಳು ಅವಳು.

ಮೂರು ದಿನ ಅವಳನ್ನು ಕೆಲಸದಿಂದ ಹೊರಗಿಟ್ಟರು. ಆ ಮೂರು ದಿನವೂ ಅವಳು ಆ ಹುಡುಗಿಯ ಹಾಸಿಗೆಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ಬೂದು ಕೋಟನ್ನು ಒಣಗಿಸಿ, ಇಸ್ತ್ರಿ ಮಾಡಿ, ಮಂಚದ ತಲೆಗೆ ತೂಗುಹಾಕಿದ್ದಳು.

ಮೂರನೆಯ ದಿನ ನಾನು ಊಟದ ಬಿಡುವಿನಲ್ಲಿ ಹೋದಾಗ ಹುಡುಗಿ ಕಣ್ಣು ಬಿಟ್ಟಿದ್ದಳು. ಕೂಸು ಅವಳ ತೋಳಿನಲ್ಲಿತ್ತು. ದನಿ ಗಾಳಿಯಷ್ಟು ತೆಳುವಾಗಿತ್ತು.

"ಕೋಟಿನ ಒಳಗೆ ಚೀಟಿ ಬರೆದಿಟ್ಟಿದ್ದೆ" ಎಂದಳು. "ನನಗೇನಾದ್ರೂ ಆದ್ರೆ ಅಂತ. ಓಣಿ, ಮೇಲಿನ ಅಂತಸ್ತು, ಮೂಲೆ ಕೋಣೆ, ಒಳಗೆ ಮಗು ಇದೆ ಅಂತ. ದಿನಾ ಅದನ್ನ ಮುಟ್ಕೊಂಡೇ ರಸ್ತೆ ದಾಟ್ತಿದ್ದೆ. ಅದನ್ನ ಓದಿ ಬಂದ್ರಾ?"

ಎಲ್ಲವೂ ಬರೆದಿತ್ತು. ಒಂದು ಒಳಜೇಬು ನೋಡಿದ್ದರೆ ಹನ್ನೊಂದೂವರೆಗೆಲ್ಲ ಆ ಬಾಗಿಲು ತೆರೆಯುತ್ತಿತ್ತು.

ಮೂಗಿನಕ್ಕ ನನ್ನ ಕಡೆ ತಿರುಗಲೂ ಇಲ್ಲ. "ನನಗೆ ಅಕ್ಷರ ಬರಲ್ಲ ಮಗಳೇ. ನಿನ್ನ ಬಟ್ಟೆ ಎಲ್ಲಾ ಹೇಳ್ತು" ಎಂದು ಹೇಳಿ ಹೊದಿಕೆ ಸರಿಮಾಡಿದಳು.

ಹೊರಗಿನ ಮೊಗಸಾಲೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ. "ಯಾಕೆ ಹೇಳಲಿಲ್ಲ? ಗುಮಾಸ್ತನಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ."

"ನನ್ನದಲ್ಲದ ಬಟ್ಟೆ ನಾನ್ಯಾಕೆ ಹಿಂಡಲಿ?" ಎಂದಳು. ಬೈದ ದನಿಯಲ್ಲ. "ನಿನ್ನದು ನೀನು ಒಗಿ. ಕಷ್ಟವಾದ್ರೆ ಹೇಳು, ಜೊತೆಗೆ ನಿಂತಿರ್ತೀನಿ."

ನಾನು ಒಳಗೆ ಹೋದೆ. ಅವಳು ಬಾಗಿಲಲ್ಲಿ ನಿಂತಳು. ಮುಂದಿನ ಬೆಂಚಿನಲ್ಲಿ ಕೂತು ಪಾಪಗಳನ್ನು ಒಪ್ಪಿಕೊಳ್ಳುವ ಪ್ರಾರ್ಥನೆಯನ್ನು ಸಾವಿರ ಸಲ ಹೇಳಿದವಳು ನಾನು. ಆ ಹುಡುಗಿಯ ಮುಂದೆ ನಾಲ್ಕು ಮಾತಿಗೆ ಬೆವರಿಳಿಯಿತು. ಒಳಜೇಬು ನೋಡಲಿಲ್ಲ ಎಂದೆ. ಕುದಿಯುವ ನೀರಿಗೆ ಹಾಕಿದೆ ಎಂದೆ. ಯಾರೂ ಇಲ್ಲದವಳದ್ದು ತಾನೆ ಅಂದುಕೊಂಡದ್ದನ್ನೂ ಬಚ್ಚಿಡಲಿಲ್ಲ.

ಅವಳು ನನ್ನನ್ನು ನೋಡಿದಳು. ಕೋಟನ್ನು ನೋಡಿದಳು. ಕೂಸನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು. ಹೊರಗೆ ಹೋಗು ಅನ್ನುತ್ತಾಳೆ ಎಂದು ಕಾದೆ.

ಆಮೇಲೆ ಅವಳ ತೋಳು ನಡುಗತೊಡಗಿತು. ಇನ್ನೂ ಶಕ್ತಿ ಬಂದಿರಲಿಲ್ಲ.

"ಹಿಡ್ಕೊಳ್ಳಿ" ಎಂದಳು. "ನನ್ನ ಕೈ ಸೋಲ್ತಿದೆ. ಕತ್ತಿಗೆ ಕೈ ಕೊಟ್ಟು ಹಿಡ್ಕೊಳ್ಳಿ."

ನಾನು ಕತ್ತಿಗೆ ಕೈ ಕೊಟ್ಟು ಹಿಡಿದುಕೊಂಡೆ.